ಎರಡು ಕಚೇರಿಗೆ ಹಂಚಿಹೋದ ಸಮರ

2037ರ ಏಪ್ರಿಲ್‌ಗೆ ಅಮರ ಸುಳ್ಯದ ಸಮರಕ್ಕೆ ಇನ್ನೂರು ವರ್ಷ ತುಂಬುತ್ತದೆ. ಮೆರವಣಿಗೆಗೆ, ಸ್ಮರಣ ಸಂಚಿಕೆಗೆ, ವೇದಿಕೆಯ ಭಾಷಣಕ್ಕೆ ಆಗ ಬರವಿರಲಾರದು. ಒಂದು ವರ್ಷ ಮೊದಲು ಸಮಿತಿ ಕೂತರೂ ಅವೆಲ್ಲ ಸಾಂಗವಾಗಿ ನಡೆದುಹೋಗುತ್ತವೆ. ಕಾಗದಪತ್ರದ ಕೆಲಸ ಹಾಗಲ್ಲ. ಹುಡುಕಬೇಕು, ಓದಬೇಕು, ನಕಲು ಮಾಡಿಕೊಳ್ಳಬೇಕು, ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ತಾಳೆ ನೋಡಬೇಕು. ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಆದ್ದರಿಂದ ಈ ಲೆಕ್ಕವನ್ನು ಈಗಲೇ ಹಾಕಿಕೊಳ್ಳುವುದು ಲೇಸು. ಕಳೆದ ಎರಡು ದಶಕಗಳಲ್ಲಿ 1837ರ ಹೋರಾಟಕ್ಕೆ ಸಂಬಂಧಪಟ್ಟ ಯಾವ ಕಾಗದಗಳು ಕಂಪ್ಯೂಟರಿನ ಪರದೆಗೆ ಬಂದವು, ಅವುಗಳಿಂದ ತಿಳಿದದ್ದೇನು, ಸಿಕ್ಕಿದ್ದನ್ನು ನಾವು ಹೇಗೆ ಬಳಸಿದೆವು, ಕೈಗೆ ಬಾರದೆ ಉಳಿದದ್ದು ಯಾವುದು?

ಘಟನೆಯ ಹಂದರ ಕೊಡಗಿನ ಓದುಗರಿಗೆ ಗೊತ್ತಿರುವುದೇ. 1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಮಡಿಕೇರಿಯನ್ನು ಹೊಕ್ಕಿತು. ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರ ರಾಜ್ಯ ಕಳೆದುಕೊಂಡು ಕಾಶಿಯ ದಾರಿ ಹಿಡಿಯಬೇಕಾಯಿತು. ಮೇ 7ರಂದು ಕೊಡಗನ್ನು ಕಂಪನಿಯ ಆಡಳಿತಕ್ಕೆ ಸೇರಿಸಿದ ಘೋಷಣೆ ಹೊರಬಿತ್ತು. ಟಿಪ್ಪುವಿನ ವಿರುದ್ಧ ನೆರವಾದನೆಂದು ದೊಡ್ಡವೀರರಾಜೇಂದ್ರನಿಗೆ ಹಿಂದೆ ಕಂಪನಿಯೇ ಬಿಟ್ಟುಕೊಟ್ಟಿದ್ದ ಘಟ್ಟದ ಕೆಳಗಿನ ಸೀಮೆಯನ್ನು, ಅಂದರೆ ಅಮರ ಸುಳ್ಯ, ಬೆಳ್ಳಾರೆ, ಪುತ್ತೂರು ಕಡೆಯ ಮಾಗಣೆಗಳನ್ನು, ಈಗ ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ ಜೋಡಿಸಿದರು. ಅರಸರ ಕಾಲದಲ್ಲಿ ಬೆಳೆಯ ರೂಪದಲ್ಲೂ ಸಲ್ಲುತ್ತಿದ್ದ ಕಂದಾಯ ನಗದಾಗಿಯೇ ಕಟ್ಟಬೇಕಾಗಿ ಬಂತು. ಉಪ್ಪು, ಹೊಗೆಸೊಪ್ಪಿನ ಮೇಲಿನ ಸರ್ಕಾರದ ಹಿಡಿತ ಬೇರೆ. ಭತ್ತವಿದ್ದರೂ ಕೈಯಲ್ಲಿ ಕಾಸಿಲ್ಲದ ಒಕ್ಕಲು ಸಾಹುಕಾರನ ಜಗಲಿ ಹತ್ತದೆ ಗತಿಯಿರಲಿಲ್ಲ.

ಅರಸು ಮನೆತನದವನೆಂದು ಹೇಳಿಕೊಂಡ ಸ್ವಾಮಿ ಅಪರಂಪಾರ, ಆಮೇಲೆ ಕಲ್ಯಾಣಸ್ವಾಮಿ ಜನರನ್ನು ಕೂಡಿಸಲು ಹೊರಟು ಒಬ್ಬರ ಹಿಂದೊಬ್ಬರಂತೆ ಸೆರೆಯಾದರು. ಬಳಿಕ ಪುಟ್ಟಬಸಪ್ಪನೇ ಕಲ್ಯಾಣಸ್ವಾಮಿಯಾಗಿ ಮುಂದೆ ಬಂದ. ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ, ಹುಲಿಕಡಿದ ನಂಜಯ್ಯ, ನಂದಾವರದ ಲಕ್ಷ್ಮಪ್ಪ ಬಂಗರಸ ಮೊದಲಾದವರು ಜೊತೆಗೂಡಿದರು. ಬೆಳ್ಳಾರೆಯ ಖಜಾನೆ ಅವರ ವಶವಾಯಿತು. 1837ರ ಏಪ್ರಿಲ್ 5ರಂದು ಪಡೆ ಮಂಗಳೂರಿಗೆ ನುಗ್ಗಿ ಬಾವುಟಗುಡ್ಡೆ ಏರಿತು, ಜೈಲಿನ ಬಾಗಿಲು ತೆರೆಯಿತು. ಹದಿಮೂರು ದಿನ ಊರು ತಮ್ಮವರದಾಗಿತ್ತು ಎಂದು ಕರಾವಳಿಯ ಜನ ಇಂದಿಗೂ ಹೇಳುತ್ತಾರೆ. ಕಣ್ಣೂರು ಕಡೆಯಿಂದ ಸೈನ್ಯ ಬಂದ ಮೇಲೆ ಎಲ್ಲ ಮುಗಿಯಿತು. ಪುಟ್ಟಬಸಪ್ಪನನ್ನೂ ಲಕ್ಷ್ಮಪ್ಪ ಬಂಗರಸನನ್ನೂ ಮಂಗಳೂರಿನಲ್ಲಿ ಗಲ್ಲಿಗೇರಿಸಿದರು. ಅದೇ ವರ್ಷ ಅಕ್ಟೋಬರ್ 31ರಂದು ಅಪ್ಪಯ್ಯ ಗೌಡನನ್ನು ಮಡಿಕೇರಿ ಕೋಟೆಯಲ್ಲಿ ನೇಣಿಗೆ ಹಾಕಿದರು. 1857ಕ್ಕೆ ಆಗಿನ್ನೂ ಇಪ್ಪತ್ತು ವರ್ಷ ಬಾಕಿಯಿತ್ತು.

ಇಷ್ಟನ್ನು ತಿಳಿಯಲು ನಮ್ಮ ಹಿರಿಯರಿಗೆ ಎರಡು ದಾರಿಗಳಿದ್ದವು. ಒಂದು, ಮನೆಮಾತಾಗಿ ಉಳಿದ ಕಥೆ. ಇನ್ನೊಂದು, ಕಥೆಗಾರರು ಕಟ್ಟಿಕೊಟ್ಟದ್ದು. ಸುಬ್ರಹ್ಮಣ್ಯದ ಹತ್ತಿರದ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು ‘ಸ್ವಾಮಿ ಅಪರಂಪಾರ’, ‘ಕಲ್ಯಾಣಸ್ವಾಮಿ’ ಕಾದಂಬರಿಗಳಲ್ಲಿ ಈ ಹೋರಾಟವನ್ನು ಕನ್ನಡದ ಓದುಗರ ಮನಸ್ಸಿಗೆ ತಂದರು. ಮೂಲ ದಾಖಲೆ ನೋಡಬೇಕೆಂದರೆ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ, ಚೆನ್ನೈಯ ಎಗ್ಮೋರಿಗೆ, ದೆಹಲಿಗೆ, ಕೊನೆಗೆ ಲಂಡನ್ನಿಗೂ ಹೋಗಬೇಕಿತ್ತು. ವಿಶ್ವವಿದ್ಯಾಲಯದ ಅಧ್ಯಾಪಕರಿಗೇ ಅದು ಕಷ್ಟದ ಮಾತು. ಸಿದ್ದಾಪುರದ ಶಾಲಾ ಮೇಷ್ಟ್ರಿಗೋ, ಕರಡಿಗೋಡಿನ ಸಣ್ಣ ಬೆಳೆಗಾರನಿಗೋ, ಎಸ್ಟೇಟಿನ ರೈಟರಿಗೋ ಅದು ಆಗುವ ಹೋಗುವ ಮಾತಾಗಿರಲಿಲ್ಲ. ಅಂಥ ಅನಾನುಕೂಲದಲ್ಲೂ ದಕ್ಷಿಣ ಕನ್ನಡದ ಕಂಪನಿ ಆಡಳಿತದ ಕಡತಗಳನ್ನು ಜಾಲಾಡಿದ ಎ. ಶ್ಯಾಮ ಭಟ್ಟರಂಥ ಇತಿಹಾಸಕಾರರ, ಈ ಹೋರಾಟವನ್ನೇ ಹಿಡಿದು ಬರೆದ ಎನ್.ಎಸ್. ದೇವಿಪ್ರಸಾದ್ ಸಂಪಾಜೆಯವರ ಋಣ ನಮ್ಮ ಮೇಲಿದೆ.

ಬದಲಾವಣೆ ಸದ್ದಿಲ್ಲದೆ ಬಂತು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಗ್ರಂಥಾಲಯಗಳ ಹಳೆಯ ಪುಸ್ತಕಗಳು ಸ್ಕ್ಯಾನ್ ಆದವು. ಆಮೇಲೆ ಅವು ಇಂಟರ್ನೆಟ್ ಆರ್ಕೈವ್‌ಗೂ ಹರಿದುಬಂದವು. ಗೂಗಲ್ ಬುಕ್ಸ್ ಯುರೋಪ್, ಅಮೆರಿಕದ ಗ್ರಂಥಾಲಯಗಳ ಕಪಾಟುಗಳನ್ನು ತೆರೆಯಿತು. ಬಾಸೆಲ್ ಮಿಷನ್‌ನ ಪಾದ್ರಿ ಹರ್ಮನ್ ಮೊಗ್ಲಿಂಗ್ 1855ರಲ್ಲಿ ಅಚ್ಚು ಹಾಕಿಸಿದ ‘ಕೂರ್ಗ್ ಮೆಮೊಯರ್ಸ್’, ಜಿ. ರಿಕ್ಟರ್ 1870ರಲ್ಲಿ ಬರೆದ ‘ಮ್ಯಾನ್ಯುಯಲ್ ಆಫ್ ಕೂರ್ಗ್’, ಬಿ.ಎಲ್. ರೈಸ್‌ನ ಗೆಜೆಟಿಯರ್, ಲಂಡನ್ನಿನಿಂದ ಹೊರಡುತ್ತಿದ್ದ ‘ಏಷಿಯಾಟಿಕ್ ಜರ್ನಲ್’ ಎಲ್ಲವೂ ಪುಕ್ಕಟೆಯಾಗಿ ಓದಲು ಸಿಗತೊಡಗಿದವು. ಭಾರತದ ರಾಷ್ಟ್ರೀಯ ಪತ್ರಾಗಾರ 2015ರಲ್ಲಿ ‘ಅಭಿಲೇಖ ಪಟಲ್’ ತೆರೆದ ಮೇಲೆ ಕೈಬರಹದ ಸರ್ಕಾರಿ ಕಡತಗಳ ಪಟ್ಟಿಯನ್ನೂ ಮನೆಯಲ್ಲೇ ಕೂತು ಹುಡುಕುವಂತಾಯಿತು. ಬಾಸೆಲ್ ಮಿಷನ್‌ನ ಚಿತ್ರ, ನಕ್ಷೆಗಳ ಭಂಡಾರವೂ, ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗುಂಡರ್ಟ್ ಹೆಸರಿನಲ್ಲಿ ತೆರೆದ ಭಂಡಾರವೂ ಇದಕ್ಕೆ ಸೇರಿದವು. ಮಳೆಗಾಲದಲ್ಲಿ ಕರೆಂಟು ಹೋಗಿ ನೆಟ್‌ವರ್ಕ್ ಸತ್ತು ಮಲಗುವ ಸಿದ್ದಾಪುರದಲ್ಲೂ, ಹಿಂದಿನ ದಿನ ಇಳಿಸಿಟ್ಟುಕೊಂಡ ಪುಸ್ತಕವನ್ನು ಫೋನಿನ ಚಾರ್ಜ್ ಇರುವಷ್ಟು ಹೊತ್ತು ಓದಬಹುದು. ಈ ಲಾಭ ಸಣ್ಣದಲ್ಲ.

ಮೊಗ್ಲಿಂಗ್‌ನ ಹೆಸರು ಬಂದಲ್ಲಿ ಒಂದು ಗಳಿಗೆ ನಿಲ್ಲಬೇಕು. ಮಂಗಳೂರ ಸಮಾಚಾರ ಹೊರಡಿಸಿದವನು, ರಾಜೇಂದ್ರನಾಮೆಯನ್ನು ಅಚ್ಚಿಗೆ ತಂದವನು ಎಂದು ಕನ್ನಡ ಲೋಕ ಅವನನ್ನು ಗೌರವದಿಂದ ನೆನೆಯುತ್ತದೆ. ನಮಗೆ ಅವನು ಇನ್ನೂ ಹತ್ತಿರದವನು. ಸಿದ್ದಾಪುರ–ಅಮ್ಮತ್ತಿ ಕಡೆಯ ಆನಂದಪುರವನ್ನು 1850ರ ದಶಕದಲ್ಲಿ ಕಟ್ಟಿದವನು ಅವನೇ. ಒಡೆಯರ ಗದ್ದೆಯಲ್ಲಿ ಜೀತಕ್ಕಿದ್ದ ಹೊಲೆಯ ಕುಟುಂಬಗಳಿಗೆ ನೆಲ ಮಾಡಿಕೊಟ್ಟು ಕೂರಿಸಿದ ಊರು ಅದು. ಆ ದಾರಿಯಲ್ಲಿ ದಿನವೂ ಓಡಾಡುವ ನಮ್ಮಲ್ಲಿ ಬಹುಪಾಲು ಜನಕ್ಕೆ, 1837ರ ಹೋರಾಟದ ಬಗ್ಗೆ ಕೊಡಗಿನ ಕಡೆಯಿಂದ ಅಚ್ಚಾದ ಮೊದಲ ವಿಸ್ತಾರವಾದ ಬರವಣಿಗೆ ಈ ಮನುಷ್ಯನದೇ ಎಂಬುದು ಪುಸ್ತಕ ಪರದೆಗೆ ಬರುವವರೆಗೆ ಗೊತ್ತಿರಲಿಲ್ಲ.

ಮೊಗ್ಲಿಂಗ್ ಭಾರತಕ್ಕೆ ಬಂದಿಳಿದದ್ದು 1836ರಲ್ಲಿ. ಮರುವರ್ಷವೇ ಮಂಗಳೂರು ಹೊತ್ತಿ ಉರಿಯಿತು. ಅಂದರೆ ಅವನು ಬರೆದದ್ದು ನೂರು ವರ್ಷದ ಹಿಂದಿನ ಪುರಾಣವಲ್ಲ, ತನ್ನ ಪ್ರಾಯಕಾಲದ ಸುದ್ದಿ. ಆದರೆ ಅವನು ನಿಂತ ಜಾಗ ಯಾವುದೆಂಬುದನ್ನು ಓದುವವರು ಮರೆಯಬಾರದು. ಎದ್ದ ಜನ ಅವನ ಕಣ್ಣಿಗೆ ಮೋಸಗಾರನ ಬೆನ್ನು ಹತ್ತಿದ ಅಮಾಯಕರು. ಅವರನ್ನು ಅಡಗಿಸಿದ ದಿವಾನ ಅಪ್ಪಾರಂಡ ಬೋಪು, ಕೊಡಗಿನ ಸೂಪರಿಂಟೆಂಡೆಂಟ್ ಕ್ಯಾಪ್ಟನ್ ಲೆಹಾರ್ಡಿ ಅವನ ಕಥೆಯ ನಾಯಕರು. ಕಂಪನಿಯ ನೆರಳಿನಲ್ಲಿ ಮಿಷನ್ ಬೆಳೆಯುತ್ತಿದ್ದ ದಿನಗಳವು. ಬೇರೆ ನೋಟವನ್ನು ಅವನಿಂದ ನಿರೀಕ್ಷಿಸುವುದು ಕಷ್ಟ. ಹಾಗೆಂದು ಪುಸ್ತಕವನ್ನು ಬದಿಗಿಡಲಾಗದು. ಯಾವ ದಾರಿಯಲ್ಲಿ ಯಾರು ಬಂದರು, ಯಾರ ಮನೆಯಲ್ಲಿ ಕೂಡಿದರು, ನಿರೂಪಗಳನ್ನು ಬರೆದು ಊರೂರಿಗೆ ಹೇಗೆ ಕಳಿಸಿದರು ಎಂಬ ವಿವರ ಕೊಡುವಾಗ ಅವನು ಬಲ್ಲವರ ಬಾಯಿಂದ ಕೇಳಿಯೇ ಬರೆದಿದ್ದಾನೆ. ತೀರ್ಪು ಅವನದು, ಆದರೆ ವಿವರ ಈ ನೆಲದ್ದು. ಎರಡನ್ನೂ ಬಿಡಿಸಿ ಓದುವ ಅಭ್ಯಾಸವನ್ನು ನಾವು ಇನ್ನೂ ಮಾಡಿಕೊಳ್ಳಬೇಕಾಗಿದೆ.

ಇಷ್ಟು ವರ್ಷದ ಓದಿನಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡ ಸಂಗತಿ ಬೇರೊಂದಿದೆ. ಅದು ಯಾವುದೇ ಒಂದು ಕಾಗದದಲ್ಲಿ ಬರೆದಿಟ್ಟದ್ದಲ್ಲ. ಕಾಗದಗಳು ಎಲ್ಲೆಲ್ಲಿ ಇವೆ ಎಂಬುದರಲ್ಲೇ ಅಡಗಿದೆ.

1834ರಲ್ಲಿ ಕಂಪನಿ ಕೊಡಗಿನ ಮೇಲು ಸೀಮೆಯನ್ನು ಒಂದು ಕಡೆಗೆ, ಸುಳ್ಯ, ಪುತ್ತೂರುಗಳನ್ನು ಇನ್ನೊಂದು ಕಡೆಗೆ ಹಂಚಿತು. ಮಡಿಕೇರಿಯ ಲೆಹಾರ್ಡಿ ಬರೆಯುತ್ತಿದ್ದದ್ದು ಬೆಂಗಳೂರಿನಲ್ಲಿದ್ದ ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್‌ಗೆ. ಕಬ್ಬನ್ ಬರೆಯುತ್ತಿದ್ದದ್ದು ಕಲ್ಕತ್ತೆಯ ಗವರ್ನರ್ ಜನರಲ್‌ಗೆ. ಮಂಗಳೂರಿನ ಕಲೆಕ್ಟರು ಬರೆಯುತ್ತಿದ್ದದ್ದು ಮದರಾಸಿನ ಸರ್ಕಾರಕ್ಕೆ. ಒಂದೇ ಹೋರಾಟ, ಒಂದೇ ತಿಂಗಳು, ಬಹಳ ಸಲ ಅದೇ ಜನ. ಆದರೆ ಘಟ್ಟದ ಮೇಲೆ ನಡೆದದ್ದರ ಕಡತ ಒಂದು ದಿಕ್ಕಿಗೆ ಹೋಯಿತು, ಕೆಳಗೆ ನಡೆದದ್ದರ ಕಡತ ಇನ್ನೊಂದು ದಿಕ್ಕಿಗೆ. ಕಲ್ಕತ್ತೆಯ ಕಾಗದಗಳು ಇಂದು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಮದರಾಸಿನವು ಚೆನ್ನೈಯಲ್ಲಿ. ಎರಡರ ಪ್ರತಿಗಳು ಲಂಡನ್ನಿಗೂ ಹೋದವು. ದಕ್ಷಿಣ ಕನ್ನಡ 1956ರವರೆಗೆ ಮದರಾಸಿಗೆ ಸೇರಿದ್ದು, ಕೊಡಗು ಆ ವರೆಗೆ ತನ್ನಷ್ಟಕ್ಕೆ ತಾನಿದ್ದದ್ದು ಈ ಒಡಕನ್ನು ಇನ್ನಷ್ಟು ಗಟ್ಟಿ ಮಾಡಿತು.

ಪರಿಣಾಮ ನಮ್ಮ ನೆನಪಿನಲ್ಲೇ ಕಾಣುತ್ತದೆ. ಮಡಿಕೇರಿಯ ಕಡತ ಓದಿದವರಿಗೆ ಇದು ಗದ್ದುಗೆಗಾಗಿ ನಡೆದ ಕೊಡಗಿನ ಬಂಡಾಯ. ಪಟ್ಟಕ್ಕೆ ಹಕ್ಕುದಾರ ಯಾರು, ಅರಸನ ನಂಟ ಯಾರು, ದಿವಾನರು ಯಾವ ಕಡೆಗಿದ್ದರು ಎಂಬುದೇ ಅಲ್ಲಿ ಮುಖ್ಯ. ಮದರಾಸಿನ ಕಡತ ಓದಿದವರಿಗೆ ಇದು ಕಂದಾಯ ಕಟ್ಟಲಾರದ ರೈತರ ದಂಗೆ. ಅಮಲ್ದಾರರ ಜುಲುಮೆ, ಉಪ್ಪು, ಹೊಗೆಸೊಪ್ಪು, ಸುಟ್ಟುಹೋದ ಕಚೇರಿ ಎಂಬುದೇ ಅಲ್ಲಿ ಮುಖ್ಯ. ಮಂಗಳೂರಿನವರು ಕಲ್ಯಾಣಪ್ಪನ ಕಾಟಕಾಯಿ ಎಂದರು, ನಾವು ಕಲ್ಯಾಣಸ್ವಾಮಿಯ ದಂಗೆ ಎಂದೆವು. ಎರಡೂ ಊರಿನವರು ತಮ್ಮ ತಮ್ಮ ಕಡತಕ್ಕೆ ನಿಷ್ಠರಾಗಿದ್ದರು.

ಈಗ ಎರಡನ್ನೂ ಒಂದೇ ಮೇಜಿನ ಮೇಲೆ ಹರವಿಕೊಳ್ಳಬಹುದು. ಏಪ್ರಿಲ್ ಮೊದಲ ವಾರದಲ್ಲಿ ಮಂಗಳೂರಿನಲ್ಲಿ ನಡೆದದ್ದನ್ನು ಅದೇ ವಾರ ಮಡಿಕೇರಿಯಲ್ಲಿ ನಡೆದದ್ದರ ಜೊತೆಗಿಟ್ಟು ದಿನ ದಿನಕ್ಕೆ ಓದಬಹುದು. ಹಾಗೆ ಓದಿದಾಗ ಮೊದಲು ಹೊಳೆಯುವುದು ಇದು: ಎದ್ದವರು 1834ರ ಗಡಿಯನ್ನು ಒಪ್ಪಿರಲೇ ಇಲ್ಲ. ಅವರ ಪಾಲಿಗೆ ಮಡಿಕೇರಿಯೂ ಬೆಳ್ಳಾರೆಯೂ ಇನ್ನೂ ಒಂದೇ ಸೀಮೆ. ಗುಡ್ಡೆಮನೆ ಅಪ್ಪಯ್ಯ ಗೌಡ ಅರಸರ ಕಾಲದ ಸುಬೇದಾರ. ಗದ್ದುಗೆಯ ಹೆಸರು ಹೇಳದೆ ಸುಳ್ಯದ ಒಕ್ಕಲನ್ನು ಒಗ್ಗೂಡಿಸಲು ಆಗುತ್ತಿರಲಿಲ್ಲ. ಕಂದಾಯ ಮಾಫಿಯ ಮಾತೆತ್ತದೆ ಗದ್ದುಗೆಯ ಹೆಸರಿಗೆ ಬಲ ಬರುತ್ತಿರಲಿಲ್ಲ. ಅರಸನ ಹೆಸರು ಮತ್ತು ಕಂದಾಯದ ಸಂಕಟ ಒಂದೇ ನಿರೂಪದಲ್ಲಿ ಒಟ್ಟಿಗೆ ಬರುವುದು ಅದಕ್ಕೇ. ರಾಜನಿಷ್ಠೆಯೋ ರೈತ ಹೋರಾಟವೋ ಎಂದು ಸಭೆಗಳಲ್ಲಿ ನಾವು ಕಾದಾಡುತ್ತ ಬಂದ ಪ್ರಶ್ನೆ ಹುಟ್ಟಿದ್ದೇ ಕಡತಗಳು ಎರಡಾಗಿ ಹಂಚಿಹೋದದ್ದರಿಂದ ಎಂಬುದು ನಮ್ಮ ಖಚಿತ ಅಭಿಪ್ರಾಯ. ಡಿಜಿಟಲೀಕರಣದಿಂದ ಆದ ಒಂದೇ ಒಂದು ದೊಡ್ಡ ಉಪಕಾರವನ್ನು ಹೇಳಿ ಎಂದರೆ ನಾವು ಇದನ್ನೇ ಹೇಳುತ್ತೇವೆ.

ಇದರ ಜೊತೆಗೆ ಒಂದು ಕಠಿಣವಾದ ಮಾತನ್ನೂ ಆಡಬೇಕು. ಈ ಕಾಗದಗಳೆಲ್ಲ ಗೆದ್ದವರ ಕಾಗದಗಳು.

ಅಮೆರಿಕದವರು ತಮ್ಮ ಸ್ವಾತಂತ್ರ್ಯ ಯುದ್ಧದ ಕಾಗದಗಳನ್ನು ಕಾಪಾಡಿದ ಬಗೆಯನ್ನು ನೋಡಿದರೆ ವ್ಯತ್ಯಾಸ ಮನಸ್ಸಿಗೆ ನಾಟುತ್ತದೆ. ವಾಷಿಂಗ್ಟನ್, ಜೆಫರ್ಸನ್‌ರ ಪತ್ರಗಳನ್ನು ಅಲ್ಲಿನ ರಾಷ್ಟ್ರೀಯ ಪತ್ರಾಗಾರ 2013ರಲ್ಲಿ ಎಲ್ಲರೂ ಓದುವಂತೆ ತೆರೆದಿಟ್ಟಿತು. ಅದಕ್ಕಿಂತ ಮಿಗಿಲಾದದ್ದು ಸಾಮಾನ್ಯ ಸಿಪಾಯಿಗಳ ಪಿಂಚಣಿ ಕಡತಗಳು. 1832ರ ಕಾನೂನಿನಂತೆ ಪಿಂಚಣಿ ಬೇಕಾದ ಮುದಿ ಸಿಪಾಯಿ ನ್ಯಾಯಾಲಯದಲ್ಲಿ ನಿಂತು ತಾನು ಎಲ್ಲಿ ಹುಟ್ಟಿದೆ, ಯಾರ ಕೈಕೆಳಗೆ ಕಾದಿದೆ, ಏನು ಕಂಡೆ ಎಂದು ಹೇಳಬೇಕಿತ್ತು. ಗುಮಾಸ್ತ ಅದನ್ನು ಬರೆದುಕೊಳ್ಳುತ್ತಿದ್ದ. ಅಂಥ 80,000ಕ್ಕೂ ಹೆಚ್ಚು ಕಡತಗಳನ್ನು ಈಗ ಸಾರ್ವಜನಿಕರೇ ಕೂತು ಓದಿ ಅಕ್ಷರಕ್ಕಿಳಿಸುವ ಕೆಲಸ 2023ರಿಂದ ನಡೆಯುತ್ತಿದೆ. ಗೆದ್ದ ದೇಶ ತನ್ನ ಸಿಪಾಯಿಯನ್ನು ‘ನಿನ್ನ ಕಥೆ ಹೇಳು’ ಎಂದು ಕೇಳಿತು.

ನಮ್ಮವರನ್ನು ಕೇಳಿದವರು ಬೇರೆ. ಅಮರ ಸುಳ್ಯದ ಒಕ್ಕಲಿನ ಬಾಯಿಂದ ಹೊರಟ ಮಾತು ಕಾಗದಕ್ಕೆ ಇಳಿದದ್ದು ಸೆರೆಸಿಕ್ಕ ಮೇಲೆ, ವಿಚಾರಣೆಯಲ್ಲಿ, ಕುತ್ತಿಗೆ ಉಳಿಯುತ್ತದೋ ಇಲ್ಲವೋ ಎಂಬ ಭಯದಲ್ಲಿ. ತಾನಾಗಿ ಬರಲಿಲ್ಲ, ಬೆದರಿಸಿ ಕರೆತಂದರು ಎಂದು ಹೇಳಿದವನು ನಿಜ ಹೇಳಿದನೋ ಜೀವ ಉಳಿಸಿಕೊಂಡನೋ? ಕನ್ನಡದಲ್ಲೋ ತುಳುವಿನಲ್ಲೋ ಅರೆಭಾಷೆಯಲ್ಲೋ ಆಡಿದ ಮಾತು ಇಂಗ್ಲಿಷಿನ ಸಾರಾಂಶವಾಗುವಾಗ ಏನೇನು ಬಿದ್ದುಹೋಯಿತೋ? ಆದರೂ ಇಂಥ ಹೇಳಿಕೆಗಳಲ್ಲೇ ಒಕ್ಕಲಿನ ಹೆಸರು, ಊರು, ಗದ್ದೆ, ಸಾಲ ಸಿಗುವ ಸಂಭವ ಹೆಚ್ಚು. ಗವರ್ನರ್ ಜನರಲ್‌ಗೆ ಹೋದ ವರದಿಯಲ್ಲಿ ಅವನು ‘ಗುಂಪು’ ಮಾತ್ರ. ಹೇಳಿಕೆಯಲ್ಲಿ ಅವನಿಗೆ ಅಪ್ಪನ ಹೆಸರಿರುತ್ತದೆ, ಯಾವ ಮಾಗಣೆಯವನೆಂದು ಇರುತ್ತದೆ. ಹೇಳಿಕೆಗಳನ್ನು ಓದುವಾಗ ತಪ್ಪೊಪ್ಪಿಗೆಯ ಸಾಲನ್ನು ಬದಿಗಿಟ್ಟು, ಮಾತಿನ ನಡುವೆ ತಾನಾಗಿ ಜಾರಿದ ವಿವರವನ್ನು ಹಿಡಿಯಬೇಕು. ಯಾವ ಮನೆಯಲ್ಲಿ ಊಟ ಮಾಡಿದರು, ಕೋವಿ ಯಾರದು, ಅಕ್ಕಿ ಹೊತ್ತವರು ಯಾರು, ನಿರೂಪ ಓದಿ ಹೇಳಿದವನು ಯಾರು. ಪೊಲೀಸಿಗೆ ಬೇಡವಾದ ಈ ಚೂರುಗಳೇ ನಮಗೆ ಬೇಕಾದವು.

ಇನ್ನು, ಸಿಕ್ಕಿದ್ದನ್ನು ಬಳಸಿದ ರೀತಿ. ಇಲ್ಲಿ ಸಂತೋಷಕ್ಕಿಂತ ಕಳವಳ ಹೆಚ್ಚು.

ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ 2022ರ ನವೆಂಬರ್‌ನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಎದ್ದು ನಿಂತಿತು. ಮಡಿಕೇರಿಯಲ್ಲಿ ಅಪ್ಪಯ್ಯ ಗೌಡರ ಪ್ರತಿಮೆ ಇದೆ. ಶತಮಾನಕ್ಕೂ ಮಿಕ್ಕು ದರೋಡೆಕೋರರೆಂಬ ಹಣೆಪಟ್ಟಿ ಹೊತ್ತಿದ್ದವರಿಗೆ ಸಿಕ್ಕ ಈ ಮರ್ಯಾದೆ ತಡವಾದರೂ ನ್ಯಾಯವಾದದ್ದು. ಬೇಸರ ಇರುವುದು ಬೇರೆ ಕಡೆ. ಹಳೆಯ ಪುಸ್ತಕದ ಒಂದು ಪುಟವನ್ನು ಫೋಟೊ ತೆಗೆದು, ಹಿಂದಿನ ಮುಂದಿನ ಪುಟ ಬಿಟ್ಟು, ‘ನೋಡಿ, ನಿಮ್ಮವರು ಆಗ ಯಾರ ಕಡೆಗಿದ್ದರು’ ಎಂದು ವಾಟ್ಸ್ಆ್ಯಪ್ ಗುಂಪುಗಳಿಗೆ ಎಸೆಯುವುದು ಕೊಡಗಿನಲ್ಲಿ ಒಂದು ಚಾಳಿಯಾಗಿದೆ. ಒಂದು ಪುಟಕ್ಕೆ ಉತ್ತರವಾಗಿ ಇನ್ನೊಂದು ಪುಟ ಬರುತ್ತದೆ. ಕೊಡವರು, ಗೌಡರು ಇನ್ನೂರು ವರ್ಷ ಹಿಂದಿನ ಜಗಳವನ್ನು ಇವತ್ತಿನ ಜಾತಿ ರಾಜಕೀಯಕ್ಕೆ ಎಳೆದು ತರುತ್ತಾರೆ.

ಕಂಪನಿಯ ಪರವಾಗಿ ನಿಂತ ಕೊಡಗರಿಗೆ 1837ರ ಚಿನ್ನದ, ಬೆಳ್ಳಿಯ ಪದಕಗಳು ಸಂದದ್ದು ನಿಜ. ಅದೇ ವರ್ಷ ಅದೇ ಮಡಿಕೇರಿಯಲ್ಲಿ ನೇಣುಗಂಬ ನಿಂತದ್ದೂ ನಿಜ. ಎರಡನ್ನೂ ಮುಚ್ಚಿಡಬೇಕಾದ ಅಗತ್ಯವಿಲ್ಲ. ಆದರೆ ಪದಕ ಪಡೆದವರನ್ನು ಒಂದು ಜಾತಿಗೂ ನೇಣಿಗೇರಿದವರನ್ನು ಇನ್ನೊಂದು ಜಾತಿಗೂ ಬರೆದುಕೊಡುವ ಮುನ್ನ ಕಡತವನ್ನು ಪೂರ್ತಿ ಓದಬೇಕು. ಹೋರಾಟಕ್ಕೆ ಇಳಿದವರಲ್ಲಿ ಗೌಡರ ಜೊತೆಗೆ ಬಂಟರಿದ್ದರು, ಜೈನ ಅರಸು ಮನೆಯವರಿದ್ದರು, ಬ್ರಾಹ್ಮಣರಿದ್ದರು, ಲಿಂಗಾಯತರಿದ್ದರು, ಕುಡಿಯರಿದ್ದರು. ಕಂಪನಿಯ ಮೂವರು ದಿವಾನರಲ್ಲಿ ಒಬ್ಬರಾದ ಲಕ್ಷ್ಮೀನಾರಾಯಣ ಅದೇ ಕಂಪನಿಯ ಸೆರೆಗೆ ಬಿದ್ದರು. ಕಂಪನಿಯ ಜೊತೆಗೆ ನಿಂತ ನಾಡಿನ ಹಿರಿಯರಿಗೂ ತಮ್ಮದೇ ಲೆಕ್ಕಾಚಾರಗಳಿದ್ದವು. ತಮ್ಮ ನೆಲ, ತಮ್ಮ ಕೋವಿ, ತಮ್ಮ ನಾಡಿನ ಮೇಲೆ ಮಲೆಯಾಳದ ಕಡೆಯಿಂದಲೋ ಬಯಲುಸೀಮೆಯಿಂದಲೋ ಮತ್ತೆ ದಂಡು ಬರಬಾರದೆಂಬ ಭಯ ಇವೆಲ್ಲ ಅದರೊಳಗಿದ್ದವು. ದೊಡ್ಡವೀರರಾಜೇಂದ್ರನ ಕಾಲದಿಂದ ಎರಡು ತಲೆಮಾರು ಯುದ್ಧ, ಸೆರೆ, ಅರಮನೆಯ ಕೊಲೆಗಳನ್ನು ಕಂಡ ಜನ ಅವರು. ಅವರನ್ನು ದ್ರೋಹಿಗಳೆಂದು ಕೂಗುವವರೂ, ಎದ್ದವರನ್ನು ಲೂಟಿಕೋರರೆಂದು ಜರೆಯುವವರೂ ಕಂಪನಿಯ ಗುಮಾಸ್ತ ಗೆರೆ ಎಳೆದುಕೊಟ್ಟ ಎರಡು ಅಂಕಣಗಳನ್ನೇ ಇವತ್ತಿಗೂ ತುಂಬುತ್ತಿದ್ದಾರೆ.

ತಾಂತ್ರಿಕ ತೊಡಕುಗಳ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಹೊಸದಾಗಿ ಹುಡುಕಲು ಹೊರಟವರಿಗೆ ಇಷ್ಟು ಗೊತ್ತಿದ್ದರೆ ಸಾಕು. ಕಂಪನಿಯವರು ನಮ್ಮ ಊರು, ಮನುಷ್ಯರ ಹೆಸರನ್ನು ಬಾಯಿಗೆ ಬಂದಂತೆ ಬರೆದಿದ್ದಾರೆ. ಸುಳ್ಯಕ್ಕೂ ಪುಟ್ಟಬಸಪ್ಪನಿಗೂ ಹಲವು ಕಾಗುಣಿತಗಳಿವೆ, ಎಲ್ಲವನ್ನೂ ಹಾಕಿ ಹುಡುಕಬೇಕು. ಬೆಳ್ಳಾರೆಯನ್ನು ಹುಡುಕಿದರೆ ಬಳ್ಳಾರಿಯ ಪುಟಗಳು ರಾಶಿ ಬೀಳುತ್ತವೆ. ಸ್ಕ್ಯಾನ್ ಮಾಡಿದವರು ಮಡಚಿದ ನಕ್ಷೆಯನ್ನು ಬಿಡಿಸದೆ ಹಾಗೇ ಚಿತ್ರ ತೆಗೆದ ಪುಸ್ತಕಗಳು ಎಷ್ಟೋ. ಮಡಿಕೆಯ ಮೇಲ್ಭಾಗದಲ್ಲಿ ಒಂದು ಹೊಳೆಯ ಗೆರೆ, ಅರ್ಧ ಊರಿನ ಹೆಸರು ಕಂಡು ಉಳಿದದ್ದು ಕಾಣದೆ ಕೈ ಹಿಸುಕಿಕೊಳ್ಳಬೇಕಾಗುತ್ತದೆ. ಕನ್ನಡದ ಹಳೆಯ ಅಚ್ಚಿನ ಪುಸ್ತಕಗಳನ್ನು ಯಂತ್ರ ಓದುವುದು ಸುಧಾರಿಸಿದೆ, ಆದರೆ ಒತ್ತಕ್ಷರ ಬಂದಲ್ಲಿ ಇನ್ನೂ ಎಡವುತ್ತದೆ. ಕೈಬರಹವಂತೂ ಕಣ್ಣಿಗೇ ಬಿಟ್ಟದ್ದು.

ಇದಕ್ಕಿಂತ ಗಂಭೀರವಾದ ಪಾಠ ಇತ್ತೀಚಿನದು. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿಯಾಗಿ ಅದರ ಡಿಜಿಟಲ್ ಸಂಗ್ರಹಗಳು ತಿಂಗಳುಗಟ್ಟಲೆ ಕೈಗೆ ಸಿಗಲಿಲ್ಲ. ಮರುವರ್ಷ ಅಕ್ಟೋಬರ್‌ನಲ್ಲಿ ಇಂಟರ್ನೆಟ್ ಆರ್ಕೈವ್‌ಗೂ ಅದೇ ಗತಿಯಾಗಿ ಕೆಲವು ದಿನ ಬಾಗಿಲು ಮುಚ್ಚಿತು. ಲಂಡನ್ನಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಒಂದು ಯಂತ್ರ ನಿಂತರೆ ಸುಳ್ಯದ ಇತಿಹಾಸ ಸಿದ್ದಾಪುರದವರಿಗೆ ಕಾಣದಾಗುತ್ತದೆ ಎಂದರೆ ಅದು ನಮ್ಮ ವ್ಯವಸ್ಥೆಯ ದೌರ್ಬಲ್ಯ. ಹಕ್ಕುಸ್ವಾಮ್ಯ ಮುಗಿದ ಪ್ರತಿ ಪುಸ್ತಕದ ಒಂದೊಂದು ಪ್ರತಿ ಮಡಿಕೇರಿಯ, ಸುಳ್ಯದ, ವಿರಾಜಪೇಟೆಯ ಕಾಲೇಜು ಗ್ರಂಥಾಲಯಗಳ ಸ್ವಂತ ಡಿಸ್ಕಿನಲ್ಲಿ ಇರಬೇಕು. ಇದಕ್ಕೆ ತಗಲುವ ಖರ್ಚು ಒಂದು ಸನ್ಮಾನ ಸಮಾರಂಭದ ಶಾಲು, ಹಾರಕ್ಕಿಂತ ಕಡಿಮೆ.

ಈಗ ಎಲ್ಲಕ್ಕಿಂತ ತುರ್ತಾದ ಮಾತಿಗೆ ಬರೋಣ. ಕಂಪನಿಯ ಕಾಗದ ದೆಹಲಿಯ ತಂಪು ಕೋಣೆಯಲ್ಲಿ ಇನ್ನೂ ನೂರು ವರ್ಷ ಬಾಳುತ್ತದೆ. ನಮ್ಮ ಮನೆಗಳ ಕಾಗದ ಬಾಳುವುದಿಲ್ಲ.

ಕೊಡಗಿನ ಐನ್‌ಮನೆಗಳಲ್ಲಿ, ಗೌಡರ ತರವಾಡುಗಳಲ್ಲಿ, ಘಟ್ಟದ ಕೆಳಗಿನ ಗುತ್ತಿನ ಮನೆ, ಬೀಡುಗಳಲ್ಲಿ, ಶಾನುಭೋಗ ಮನೆತನಗಳ ಅಟ್ಟದಲ್ಲಿ ಅರಸರ ಕಾಲದ ಸನ್ನದು, ನಿರೂಪ, ಅರಸ ಲಿಂಗರಾಜೇಂದ್ರನ ಶಿಸ್ತಿನ (ಭೂಕಂದಾಯದ) ಲೆಕ್ಕದ ನಕಲು, ಓಲೆಗರಿ, ಸಾಲಪತ್ರಗಳು ಉಳಿದಿವೆ. ಹಾಲೇರಿ ಅರಸರು ಆಡಳಿತವನ್ನು ಕನ್ನಡದಲ್ಲೇ ನಡೆಸಿದ್ದರಿಂದ ಅವನ್ನು ಓದಲು ಹೊರಗಿನ ಪಂಡಿತರು ಬೇಕಿಲ್ಲ, ಹಳೆಯ ಮೋಡಿ ಬರಹ ಕಲಿತ ನಮ್ಮವರೇ ಸಾಕು. ಒಬ್ಬ ಒಕ್ಕಲು 1830ರಲ್ಲಿ ಕಟ್ಟಿದ ಕಂದಾಯ ಎಷ್ಟು, 1836ರಲ್ಲಿ ಕಟ್ಟಿದ್ದೆಷ್ಟು, ಅದಕ್ಕಾಗಿ ಯಾರ ಬಳಿ ಯಾವ ಬಡ್ಡಿಗೆ ಸಾಲ ತಂದ ಎಂಬುದು ಲಂಡನ್ನಿನಲ್ಲಿ ಸಿಗುವುದಿಲ್ಲ. ಸಿಕ್ಕರೆ ಈ ಪೆಟ್ಟಿಗೆಗಳಲ್ಲೇ ಸಿಗಬೇಕು. ಹೋರಾಟದ ನಿಜವಾದ ಕಾರಣದ ಲೆಕ್ಕವೂ ಅಲ್ಲೇ ಇದೆ.

ಅಂಥ ಪೆಟ್ಟಿಗೆ ತೆರೆದಾಗ ಮೊದಲು ಮೂಗಿಗೆ ಬಡಿಯುವುದು ಬೂಷ್ಟಿನ ವಾಸನೆ. ಮೇಲಿನ ಹಾಳೆ ಚೆನ್ನಾಗಿಯೇ ಕಾಣುತ್ತದೆ. ಕೈ ಹಾಕಿ ಎತ್ತಿದರೆ ಕೆಳಗಿನ ನಾಲ್ಕಾರು ಹಾಳೆ ಒಂದಕ್ಕೊಂದು ಅಂಟಿ ಹಲಗೆಯಂತೆ ಬರುತ್ತವೆ. ಮಡಿಕೆಯ ಗೆರೆಯುದ್ದಕ್ಕೂ ಹುಳು ಕೊರೆದ ಸಣ್ಣ ಸಣ್ಣ ತೂತು. ಮಡಿಕೆ ಬಿಡಿಸಿದರೆ ತೂತುಗಳು ಎರಡೂ ಕಡೆ ಜೋಡಿಯಾಗಿ ಹರಡಿಕೊಳ್ಳುತ್ತವೆ, ತಾರೀಕು ಬರೆದ ಜಾಗದಲ್ಲೇ ಬೆಳಕು ಕಾಣುತ್ತದೆ. ಆಗ ಮನೆಯವರು ಪ್ರೀತಿಯಿಂದಲೇ ಮಾಡುವ ಕೆಲಸ ಲ್ಯಾಮಿನೇಷನ್ ಅಂಗಡಿಗೆ ಒಯ್ಯುವುದು. ದಯಮಾಡಿ ಅದನ್ನು ಮಾಡಬೇಡಿ. ಬಿಸಿಗೆ ಶಾಯಿ ಹೋಗುತ್ತದೆ, ಪ್ಲಾಸ್ಟಿಕ್ಕಿನ ಒಳಗೆ ಕಾಗದ ಕೊಳೆಯುತ್ತದೆ, ಮತ್ತೆ ಬಿಡಿಸಲು ಯಾರಿಂದಲೂ ಆಗದು. ಬಿಸಿಲಿಗೂ ಹಾಕಬೇಡಿ, ಇಸ್ತ್ರಿ ಪೆಟ್ಟಿಗೆಯನ್ನೂ ಮುಟ್ಟಿಸಬೇಡಿ. ನೆರಳಿನಲ್ಲಿ ಗಾಳಿಯಾಡಿಸಿ, ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದು, ಕಿಟಕಿಯ ಬೆಳಕಿನಲ್ಲಿ ಪಕ್ಕಕ್ಕೊಂದು ಅಳತೆಪಟ್ಟಿ ಇಟ್ಟು ಫೋನಿನಲ್ಲೇ ಎರಡೂ ಮುಖದ ಚಿತ್ರ ತೆಗೆದರೆ ಸಾಕು. ಯಾವ ಮನೆ, ಯಾವ ನಾಡು, ಯಾವ ಹಾಳೆಯ ಕೆಳಗೆ ಯಾವ ಹಾಳೆ ಇತ್ತು ಎಂದು ಬರೆದುಕೊಳ್ಳಬೇಕು. ಮೂಲ ಆ ಮನೆಯಲ್ಲೇ ಉಳಿಯಬೇಕು.

ಮನೆಯವರು ಪೆಟ್ಟಿಗೆ ತೆರೆಯಲು ಹಿಂಜರಿಯುವುದಕ್ಕೆ ಕಾರಣವಿದೆ, ಅದನ್ನು ತಾತ್ಸಾರ ಮಾಡಬಾರದು. ಜಮ್ಮಾ ಆಸ್ತಿಯ ವ್ಯಾಜ್ಯಗಳು ಇನ್ನೂ ನಡೆಯುತ್ತಿರುವ ಜಿಲ್ಲೆ ಇದು. ಹಳೆಯ ಕಾಗದ ಹೊರಗೆ ಬಂದರೆ ದಾಯಾದಿಗಳ ಕೈಗೆ ಆಯುಧ ಸಿಗುತ್ತದೆಂಬ ಅಳುಕು ಸಹಜ. ಸಾಲಪತ್ರದಲ್ಲಿ ಮನೆತನದ ಅವಮಾನವೂ ಇರಬಹುದು. ಆದ್ದರಿಂದ ಚಿತ್ರ ತೆಗೆಯುವುದೂ ಪ್ರಕಟಿಸುವುದೂ ಬೇರೆ ಬೇರೆ ಎಂಬ ನಿಯಮವನ್ನು ಮೊದಲೇ ಒಪ್ಪಿಕೊಳ್ಳಬೇಕು. ಈಗ ಚಿತ್ರ ತೆಗೆದಿಡೋಣ, ಮನೆಯವರು ಒಪ್ಪಿದಾಗ, ಒಪ್ಪಿದಷ್ಟನ್ನು ಮಾತ್ರ ತೆರೆಯೋಣ. 2018, 2019ರ ಮಳೆಯಲ್ಲಿ ಗುಡ್ಡ ಜಾರಿ, ಹೊಳೆ ಉಕ್ಕಿ ಮನೆಗಳೇ ಹೋದವು. ಕರಡಿಗೋಡು, ಗುಹ್ಯದ ಹೊಳೆಬದಿಯವರು ಉಟ್ಟ ಬಟ್ಟೆಯಲ್ಲಿ ಹೊರಬಂದರು. ಆ ಮನೆಗಳ ಪೆಟ್ಟಿಗೆಗಳಲ್ಲಿ ಏನಿತ್ತೆಂದು ಇನ್ನು ಯಾರೂ ಹೇಳಲಾರರು.

2037ರ ಒಳಗೆ ಆಗಬೇಕಾದದ್ದು ಹೀಗಿದೆ. ದೆಹಲಿ, ಚೆನ್ನೈಗಳ 1834ರಿಂದ 1838ರವರೆಗಿನ ಕಡತಗಳನ್ನು ತಾರೀಕಿನ ಪ್ರಕಾರ ಒಂದೇ ಸಾಲಿಗೆ ತಂದು ಕನ್ನಡದಲ್ಲಿ ಪ್ರಕಟಿಸಬೇಕು. ಕೊಡಗಿನ ಸಂಪುಟ ಬೇರೆ, ದಕ್ಷಿಣ ಕನ್ನಡದ ಸಂಪುಟ ಬೇರೆ ಎಂದು ಮತ್ತೆ ಒಡೆಯಬಾರದು. ಮಂಗಳೂರು ವಿಶ್ವವಿದ್ಯಾಲಯ, ಅರೆಭಾಷೆ ಅಕಾಡೆಮಿ, ಕೊಡವ ಅಕಾಡೆಮಿ ಮೂವರೂ ಒಂದೇ ಮೇಜಿಗೆ ಬಂದರೆ ಇದು ಆಗದ ಕೆಲಸವಲ್ಲ. ಮೊಗ್ಲಿಂಗ್‌ನ ಪುಸ್ತಕಕ್ಕೆ ಒಳ್ಳೆಯ ಟಿಪ್ಪಣಿಗಳಿರುವ ಕನ್ನಡ ಆವೃತ್ತಿ ಬೇಕು, ಅವನ ತೀರ್ಪಿನ ಪಕ್ಕದಲ್ಲೇ ಬೇರೆ ದಾಖಲೆ ಹೇಳುವುದೇನು ಎಂದು ತೋರಿಸುವಂಥದ್ದು. ವಿಚಾರಣೆಯ ಹೇಳಿಕೆಗಳಲ್ಲಿ ಬರುವ ಪ್ರತಿ ಹೆಸರಿಗೂ ಊರುವಾರು ಸೂಚಿಯಾಗಬೇಕು. ನೇಣಿಗೇರಿದವರ ಹೆಸರು ನಮಗೆ ಬಾಯಿಪಾಠ. ಸಮುದ್ರದಾಚೆಗೆ ಗಡಿಪಾರಾಗಿ ಮರಳಿ ಬಾರದವರ, ಛಡಿ ಏಟು ತಿಂದು ಮನೆಗೆ ಬಂದು ಮತ್ತೆ ಗದ್ದೆಗಿಳಿದವರ ಹೆಸರು ಯಾರ ಬಾಯಲ್ಲೂ ಇಲ್ಲ. ಸಂಪಾಜೆ, ಪೆರಾಜೆ, ಬೆಳ್ಳಾರೆ, ಪಂಜ ಎಂದು ಒಂದೊಂದೇ ಊರು ಹಿಡಿದು ಈ ಸೂಚಿ ಶುರುವಾಗಲಿ. ಹೈಸ್ಕೂಲಿನ ಮಕ್ಕಳು ಮಾಡಬಹುದಾದ ಕೆಲಸ ಅದು. ಮೊದಲ ಊರಿನ ಪಟ್ಟಿ ಸಿದ್ಧವಾದೊಡನೆ ನಾವು ಅದನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.